ಪರದೆಯ ಹಿಂದೆ ರೂಟ್ ಕೊರೆಯುತ್ತಿದ್ದ ಸೋ ಪೈಂಗ್

ಕೋ ಸೋ ಪೈಂಗ್ ಸುಳ್ಳುಗಾರ. ಬರ್ಮಾದ ಪಕೊಕ್ಕು ಪೇಟೆಯಲ್ಲಿ ಈ ಮಾತಿಗೆ ಯಾರೂ ತಕರಾರು ತೆಗೆಯುವುದಿಲ್ಲ. ಅವನ ಹೆಂಡತಿಯೂ ತೆಗೆಯುವುದಿಲ್ಲ. ಲಾಭಕ್ಕೆ ಸುಳ್ಳು ಹೇಳುವವರನ್ನು ಹೇಗೋ ಅರ್ಥ ಮಾಡಿಕೊಳ್ಳಬಹುದು, ಇವನ ಜಾತಿಯೇ ಬೇರೆ. ನಿಜ ನಾಲಗೆಯ ತುದಿಯಲ್ಲೇ ಕೂತಿದ್ದರೂ ಅದನ್ನು ಪಕ್ಕಕ್ಕೆ ಸರಿಸಿ ಸುಳ್ಳಿಗೆ ದಾರಿ ಬಿಡುವವನು. ಬೆಳಿಗ್ಗೆ ಮೂಲೆಯಂಗಡಿಯಲ್ಲಿ ಎಲ್ಲರ ಕಣ್ಣೆದುರೇ ಮೊಹಿಂಗಾ ಎಂಬ ಮೀನುಸಾರಿನ ಶಾವಿಗೆ ತಿಂದು ಬಂದವನನ್ನು ಏನು ತಿಂದೆಯಪ್ಪಾ ಎಂದು ಕೇಳಿದರೆ, ಹುರಿದ ಅನ್ನ ತಿಂದೆ ಎನ್ನುವನು. ಸಿಂಗಪುರದಲ್ಲಿ ಫೋನು ರಿಪೇರಿ ಕಲಿತೆ ಎನ್ನುವನು. ಸಿಂಗಪುರದ ದಿಕ್ಕು ಯಾವುದು ಎಂದರೆ ನದಿಯ ಕಡೆ ಕೈ ತೋರಿಸುವನು.

ದೋ ಸಾನ್ ಯೀ ಊರಿಗಿಂತ ಮೊದಲೇ ಈ ತೀರ್ಪು ಕೊಟ್ಟವರು. ಮೂರನೆಯ ತರಗತಿಯಲ್ಲಿ ಅವನಿಗೆ ಪಾಠ ಹೇಳಿದವರು ಅವರೇ. ಆ ವರ್ಷದ ಮಳೆಗಾಲದಲ್ಲಿ ಅವನ ಸ್ಲೇಟು ಮತ್ತೆ ಮತ್ತೆ ಐರಾವತಿ ನದಿಗೆ ಬೀಳುತ್ತಿತ್ತು. ಲೆಕ್ಕ ಮಾಡದೆ ಬಂದ ದಿನ ಬೀಳುವುದು, ಮರುದಿನ ಅದೇ ಮೂಲೆ ಮುರಿದ ಸ್ಲೇಟು ಚೀಲದಿಂದ ಹೊರಬರುವುದು. "ಹೊಳೆ ವಾಪಸ್ ಕೊಟ್ಟಿತು, ಸಯಾಮ" ಎನ್ನುವನು, ಕಣ್ಣು ಮಿಟುಕಿಸದೆ. ಸಯಾಮ ಎಂದರೆ ಟೀಚರಮ್ಮ. ಶಾಲೆ ಬಿಟ್ಟು ಎಷ್ಟೋ ಕಾಲವಾದರೂ ಊರು ದೋ ಸಾನ್ ಯೀಯವರನ್ನು ಹಾಗೆಯೇ ಕರೆಯುತ್ತದೆ.

ಸೋ ಪೈಂಗನ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದ. ಮಗನ ಕಾಲಕ್ಕೆ ರೇಡಿಯೋ ಹೋಗಿತ್ತು, ಫೋನು ಇನ್ನೂ ಬಂದಿರಲಿಲ್ಲ. ಆಗೆಲ್ಲ ಒಂದು ಸಿಮ್ ಕೊಳ್ಳಬೇಕೆಂದರೆ ಹೊಲ ಮಾರಬೇಕಿತ್ತು. ಸೋ ಪೈಂಗ್ ಹುಣಿಸೆಮರದ ಕೆಳಗೆ ಮೇಜು ಹಾಕಿ, ಹಿಂದಿನ ಮನೆಯಿಂದ ತಂತಿ ಎಳೆದು, ಒಂದು ಟೆಲಿಫೋನು ಇಟ್ಟುಕೊಂಡು ಕೂತ. ದೂರದೂರಿನ ಮಕ್ಕಳೊಡನೆ ಮಾತಾಡಲು ಜನ ಅಲ್ಲಿ ಸಾಲು ನಿಲ್ಲುತ್ತಿದ್ದರು. ಲೈನು ಸಿಕ್ಕದ ದಿನವೂ ಅವನು ಯಾರನ್ನೂ ಬರಿಗೈಲಿ ಕಳಿಸುತ್ತಿರಲಿಲ್ಲ. ರಿಸೀವರು ಕಿವಿಗಿಟ್ಟು, "ಹಾಂ, ಹಾಂ, ಆಯ್ತು, ಹೇಳ್ತೀನಿ" ಎಂದು ತಲೆಯಾಡಿಸಿ, ಕಿವಿ ಮಂದವಾದ ಮುದುಕಿಯರಿಗೆ, "ನಿಮ್ಮ ಮಗ ಆರಾಮಾಗಿದಾನಂತೆ ಅಮ್ಮ, ಮೈ ಕೈ ತುಂಬ್ಕೊಂಡಿದಾನಂತೆ" ಎಂದು ಹೇಳಿ ಕಳಿಸುವನು. ಹೀಗೆ ಮೈ ಕೈ ತುಂಬಿಕೊಂಡಿದ್ದ ಮಗನೊಬ್ಬ ಅದೇ ಸಂಜೆ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು, ಕಡ್ಡಿಯಂತಾಗಿ ಬಸ್ಸಿಳಿದ. ಅಲ್ಲಿಗೆ ಮೇಜಿನ ವ್ಯಾಪಾರ ಬಿತ್ತು.

ನರ್ಗಿಸ್ ಬಿರುಗಾಳಿ ಕೆಳನಾಡನ್ನು ಬಡಿದು ಸಾವಿರಾರು ಜನ ನೀರುಪಾಲಾದ ವರ್ಷ ಅವನು ಕೆಲವು ತಿಂಗಳು ಕಾಣೆಯಾಗಿದ್ದ. ಬಂದಾಗ ತೆಳ್ಳಗಾಗಿದ್ದ. ಭಿಕ್ಷುಗಳ ದೋಣಿ ಹತ್ತಿ ಹೋಗಿದ್ದೆ, ಹೆಣ ಎತ್ತುತ್ತಿದ್ದೆ ಎಂದ. ಚಹಾದಂಗಡಿ ನಕ್ಕಿತು. ಅಕ್ಕಿಮೂಟೆ ಎತ್ತಲಾರದವನು ಹೆಣ ಎತ್ತಿದನಂತೆ! ಆ ತಿಂಗಳುಗಳಲ್ಲಿ ಅವನನ್ನು ಮಂಡಲೆಯ ಬಿಲಿಯರ್ಡ್ಸ್ ಅಂಗಡಿಯಲ್ಲಿ ನೋಡಿದವರಿದ್ದರು, ಅಥವಾ ನೋಡಿದವರನ್ನು ಬಲ್ಲವರಿದ್ದರು. "ಎಷ್ಟು ಎತ್ತಿದ್ಯೋ?" ಎಂದು ಯಾರೋ ಕೆಣಕಿದರು. "ಎಣಿಸ್ಲಿಲ್ಲ" ಎಂದ. ಸುಳ್ಳು ಹೇಳಿದರೂ ನೆಟ್ಟಗೆ ಹೇಳಲಿಲ್ಲವಲ್ಲ, ಇವನಿಗೇನಾಯಿತು ಎಂದು ಮತ್ತೆ ನಕ್ಕರು. ಆ ಕತೆಯೊಂದನ್ನು ಅವನು ಇನ್ನೊಮ್ಮೆ ಹೇಳಲಿಲ್ಲ.

ಸಿಮ್ ಅಗ್ಗವಾದ ಮೇಲೆ ಪಕೊಕ್ಕು ರಾತ್ರೋರಾತ್ರಿ ಫೋನಿನ ಊರಾಯಿತು. ಕಂಬಳಿ ನೇಯುವವರ ಸೊಂಟದಲ್ಲಿ ಫೋನು, ಚುಟ್ಟಾ ಸುತ್ತುವ ಹೆಂಗಸರ ತಟ್ಟೆಯಲ್ಲಿ ಫೋನು. ಆದರೆ ಹೊರದೇಶದಿಂದ ಬಂದ ಆ ಫೋನುಗಳಿಗೆ ನಮ್ಮ ಅಕ್ಷರ ಗೊತ್ತಿರಲಿಲ್ಲ. ಬರ್ಮಿಯಲ್ಲಿ ಯಾರು ಏನು ಬರೆದು ಕಳಿಸಿದರೂ ತೆರೆಯ ಮೇಲೆ ಚಿಕ್ಕ ಚಿಕ್ಕ ಚೌಕಗಳ ಸಾಲು ಮೂಡುವುದು. ಅಕ್ಷರ ಕೂರಿಸಬೇಕೆಂದರೆ ಫೋನಿನ ಒಳಮನೆಗೆ ಹೋಗಬೇಕು. ಆ ಒಳಮನೆಗೆ ತಯಾರಿಸಿದ ಕಂಪನಿ ಬೀಗ ಹಾಕಿರುತ್ತದೆ. ಬೀಗ ಒಡೆದು ಒಳಹೊಗುವುದಕ್ಕೆ ನಮ್ಮಲ್ಲಿ ರೂಟ್ ಕೊರೆಯುವುದು ಎಂಬ ಹೆಸರು ಬಿತ್ತು. ಹೊಸ ಫೋನು ಕೊಂಡವನು ಮೊದಲು ರೂಟ್ ಕೊರೆಸಬೇಕು, ಆಮೇಲೆ ಪಗೋಡಕ್ಕೆ ಹೋಗಿ ಕೈ ಮುಗಿಯಬೇಕು. ಊರಿನ ಪದ್ಧತಿ ಹೀಗಾಗಿಬಿಟ್ಟಿತು. ಕೊರೆಸದ ಫೋನೆಂದರೆ ಕಿವಿ ಚುಚ್ಚದ ಹುಡುಗಿಯಂತೆ, ಜನ ಅದನ್ನು ಒಂದು ಥರ ನೋಡುತ್ತಿದ್ದರು.

ಸೋ ಪೈಂಗ್ ಹಳೆಯ ಮೇಜನ್ನೇ ಒಂದು ಬಾಡಿಗೆ ಗೂಡಿನೊಳಗೆ ಹಾಕಿ ಅಂಗಡಿ ತೆರೆದ. ಹಿಂಭಾಗಕ್ಕೆ ಒಂದು ನೀಲಿ ಪರದೆ. ಫೋನು ಕೈಗೆ ತೆಗೆದುಕೊಂಡವನು ಅದರ ಹಿಂದೆ ಹೋಗುವನು. ಒಳಗಿನಿಂದ ಟಕ್ ಟಕ್ ಎಂದು ತಟ್ಟುವ ಸದ್ದು, ನಡುವೆ ನಿಟ್ಟುಸಿರು, ಒಮ್ಮೊಮ್ಮೆ "ಬಾ, ಬಾ, ಬಂತು" ಎನ್ನುವ ಮಾತು. ಎಲೆ ಅಡಿಕೆ ಹಾಕಿ ಉಗಿಯುವಷ್ಟು ಹೊತ್ತಾದ ಮೇಲೆ ಹಣೆ ಒರೆಸಿಕೊಳ್ಳುತ್ತ ಹೊರಬರುವನು. ಫೋನಿನಲ್ಲಿ ದುಂಡು ದುಂಡಾಗಿ ಬರ್ಮಿ ಅಕ್ಷರ ಮೂಡಿರುತ್ತಿತ್ತು. "ನಿಮ್ದು ಬಹಳ ಗಟ್ಟಿ ರೂಟು ಇತ್ತು, ಅಣ್ಣ" ಎನ್ನುವನು. ಗಿರಾಕಿಗೆ ಹೆಮ್ಮೆ.

ದೋ ಸಾನ್ ಯೀ ಇವನ ಅಂಗಡಿಯ ಮೆಟ್ಟಿಲು ಹತ್ತಿದ್ದು ತಮ್ಮ ಫೋನಿಗಾಗಿ ಅಲ್ಲ, ಉಚಿತ ಶವಸಂಸ್ಕಾರ ಸಂಘದ ಫೋನಿಗಾಗಿ. ಅವರು ಸಂಘದ ಕಾರ್ಯದರ್ಶಿ. ಯಾರ ಮನೆಯಲ್ಲಿ ಸಾವಾದರೂ ಸಂಘಕ್ಕೆ ಕರೆ ಬರುತ್ತದೆ. ವ್ಯಾನು, ಪೆಟ್ಟಿಗೆ, ಹೊರುವವರು, ಎಲ್ಲವನ್ನೂ ಹೊಂದಿಸುವುದು ಆ ಫೋನಿನಿಂದಲೇ. ಅದನ್ನು ದಾನ ಮಾಡಿದವರು ಕಂಬಳಿ ಅಂಗಡಿಯ ದೋ ಚಿನ್ ಮ್ಯಾ. ದಾನದ ವಸ್ತುವಿನ ಮೇಲೆ ದಾನಿಯ ಹೆಸರಿಲ್ಲದಿದ್ದರೆ ಹೇಗೆ? ಮಠದ ಬೀಸಣಿಗೆಯ ಮೇಲೆ ಹೆಸರಿದೆ, ಗೋಡೆ ಗಡಿಯಾರದ ಮೇಲಿದೆ, ಕಲ್ಲುಬೆಂಚಿನ ಮೇಲಿದೆ. ಹಾಗೆಯೇ ಆಕೆ ಫೋನಿನ ಹಿಂಬದಿಯ ಮುಚ್ಚಳವನ್ನು ಅಕ್ಕಸಾಲಿಗನಿಗೆ ಕೊಟ್ಟು, "ದಾನಿ: ದೋ ಚಿನ್ ಮ್ಯಾ ಮತ್ತು ಕುಟುಂಬ" ಎಂದು ಕೆತ್ತಿಸಿದ್ದರು.

"ಒಂದು ವರ್ಷ ವಾರಂಟಿ ಇದೆ, ಸಾನ್ ಯೀ," ಎಂದು ಫೋನು ಕೊಡುವಾಗ ಎಲ್ಲರೆದುರು ಹೇಳಿದ್ದರು. "ಕೆಟ್ರೆ ಮಂಡಲೆಯ ಕಂಪನಿಯವ್ರೇ ನೋಡ್ಕೋತಾರೆ. ಇಲ್ಲಿ ಯಾವ ಸ್ಕ್ರೂಡ್ರೈವರ್ ಮಹಾಶಯನ ಕೈಗೂ ಕೊಡಕೂಡ್ದು. ಮಾತು ಕೊಡು."

ದೋ ಸಾನ್ ಯೀ ಮಾತು ಕೊಟ್ಟರು. ಮರುದಿನವೇ ಒಂದು ಹಳ್ಳಿಯಿಂದ ಸಾವಿನ ಸುದ್ದಿ ಬರಹದಲ್ಲಿ ಬಂತು. ತೆರೆಯ ತುಂಬ ಚೌಕಗಳು. ಸತ್ತವರು ಯಾರು, ಯಾವ ಓಣಿ, ಒಂದೂ ತಿಳಿಯಲಿಲ್ಲ. ವ್ಯಾನು ಬೇರೆ ಹಳ್ಳಿಗೆ ಹೋಗಿ ಚೆನ್ನಾಗಿ ಬದುಕಿದ್ದ ಒಬ್ಬ ಮುದುಕನ ಬಾಗಿಲಲ್ಲಿ ನಿಂತಿತು. ಅವನು ಕೊಟ್ಟ ಬೈಗುಳ ಕೇಳಿಸಿಕೊಂಡು ಬಂದ ದೋ ಸಾನ್ ಯೀ, ನೇರವಾಗಿ ಸೋ ಪೈಂಗನ ಅಂಗಡಿಗೆ ನಡೆದರು.

"ರೂಟ್ ಕೊರೆದ್ರೆ ವಾರಂಟಿಗೆ ಏನಾಗುತ್ತೋ?" ಎಂದು ಕೇಳಿದರು.

"ಇನ್ನೂ ಗಟ್ಟಿಯಾಗುತ್ತೆ, ಸಯಾಮ."

"ಸುಳ್ಳು."

"ಸಿಂಗಪುರದಲ್ಲಿ ಕೊರೆಸ್ದೆ ಇದ್ರೆ ವಾರಂಟೀನೇ ಕೊಡಲ್ಲ."

ಸುಳ್ಳೆಂದು ತಿಳಿದಿತ್ತು. ಆದರೂ ಕೊಟ್ಟರು. ಹೆಣ ಕಾಯಬಾರದು, ಓದಲು ಬರುವ ಫೋನು ಬೇಕು. ಪರದೆಯ ಹಿಂದೆ ಟಕ್ ಟಕ್ ಎಂದಿತು. ಅಕ್ಷರ ಬಂತು. ಅವರು ಕೊಟ್ಟ ಮಾತು ಮುರಿಯಿತು.

ಮಾತು ಮುರಿದದ್ದು ಯಾರಿಗೂ ತಿಳಿಯದೆ ಬೇಸಿಗೆ ಕಳೆಯಿತು. ಮಳೆ ಶುರುವಾದ ಮೇಲೆ ಫೋನು ಚಾರ್ಜ್ ಆಗುವುದನ್ನು ನಿಲ್ಲಿಸಿತು. ತಂತಿ ಬದಲಿಸಿದರು, ಉಜ್ಜಿದರು, ಊದಿದರು, ಯಾವುದೂ ನಡೆಯಲಿಲ್ಲ. ಸಿಮ್ ತೆಗೆದು ತಮ್ಮ ಹಳೆಯ ಗುಂಡಿ ಫೋನಿಗೆ ಹಾಕಿಕೊಂಡು ಹೇಗೋ ಕೆಲಸ ಸಾಗಿಸಿದರು. ಆದರೆ ಅದೇ ವಾರ ದೋ ಚಿನ್ ಮ್ಯಾ ಮಠದ ಅಂಗಳದಲ್ಲಿ ಸಿಕ್ಕಿ ಹೊಸ ಮಾತೊಂದನ್ನು ಎತ್ತಿದರು. ಸಂಘದ ವ್ಯಾನು ಹಳೆಯದು, ತಳ್ಳದೆ ಶುರುವಾಗದು. ಕಳೆದ ತಿಂಗಳು ಸತ್ತವನ ಅಳಿಯಂದಿರೇ ಅದನ್ನು ತಳ್ಳಿಕೊಂಡು ಹೋಗಿದ್ದರು. ಹೊಸ ವ್ಯಾನು ದಾನ ಮಾಡಬೇಕೆಂದು ದೋ ಚಿನ್ ಮ್ಯಾ ಮನಸ್ಸು ಮಾಡಿದ್ದರು.

"ಆದ್ರೆ ಮೊದ್ಲು ಫೋನು ತೋರ್ಸು" ಎಂದರು. "ಭಾನುವಾರ ಮನೆಗೆ ಬರ್ತೀನಿ. ಅಂಗೈ ಅಗಲದ ವಸ್ತುವನ್ನೇ ಜೋಪಾನ ಮಾಡದವ್ರ ಕೈಗೆ ವ್ಯಾನ್ ಕೊಡೋಕೆ ನಂಗೇನು ಹುಚ್ಚಾ?"

ದೋ ಸಾನ್ ಯೀ ಎದುರಿನ ಓಣಿಯ ಇನ್ನೊಂದು ಫೋನಿನಂಗಡಿಗೆ ಹೋಗಿ ವಿಚಾರಿಸಿದರು. ಆ ಅಂಗಡಿಯವನು ಫೋನು ಮುಟ್ಟಲೇ ಇಲ್ಲ. "ರೂಟ್ ಕೊರ್ಸಿದೀರಾ ಸಯಾಮ? ಹಾಗಾದ್ರೆ ವಾರಂಟಿ ಹೋಯ್ತು ಅಂತ್ಲೇ ಲೆಕ್ಕ" ಎಂದ. "ಬೀಗ ಒಡೆದ ಕೂಡ್ಲೇ ಒಳಗೆ ಒಂದು ಗುರುತು ಬಿದ್ದುಬಿಡುತ್ತೆ. ಕಂಪನಿಯವ್ರು ಮೊದ್ಲು ನೋಡೋದೇ ಅದನ್ನ. ಕೆಲವು ಕಂಪನಿಯವ್ರು ಬೀಗ ವಾಪಸ್ ಹಾಕ್ಸಿದ್ರೆ ಸುಮ್ನಾಗ್ತಾರೆ. ಈ ಜಾತಿ ಫೋನಲ್ಲಿ ಗುರುತು ಹಚ್ಚೆ ಹಾಕಿದ ಹಾಗೆ, ಸ್ನಾನ ಮಾಡ್ಸಿದ್ರೆ ಹೋಗಲ್ಲ."

ಅಲ್ಲಿಂದ ಸೋ ಪೈಂಗನಲ್ಲಿಗೆ ಬಂದರು. ಅವನು ಮೇಜಿನ ಮೇಲೆ ಸೂರ್ಯಕಾಂತಿ ಬೀಜ ಹರಡಿಕೊಂಡು ಬಿಡಿಸುತ್ತಿದ್ದ.

"ಧೈರ್ಯವಾಗಿ ಮಂಡಲೆಗೆ ಹೋಗಿ, ಸಯಾಮ. ಏನೂ ಆಗಲ್ಲ."

"ನಿನ್ನ ಬಾಯಿಂದ ಈ ಮಾತು ಬಂದ ಮೇಲೆ ಆಗೋದು ಖಂಡಿತ."

"ರೂಟ್ ಕೊರ್ಸಿದೀರಾ ಅಂತ ಕೇಳ್ತಾರೆ. ಇಲ್ಲ ಅಂದ್ಬಿಡಿ."

"ಸುಳ್ಳು ಹೇಳು ಅಂತೀಯಾ? ನಂಗೆ?"

"ಸಯಾಮ ಹೇಳಿದ್ರೆ ಸುಳ್ಳಿಗೂ ನಾಚಿಕೆಯಾಗಿ ನಿಜ ಆಗ್ಬಿಡುತ್ತೆ" ಎಂದು ಬೀಜದ ಸಿಪ್ಪೆ ಊದಿದ. "ಬೀಜ ತಗೊಳ್ಳಿ. ಬಸ್ಸಲ್ಲಿ ಬೇಜಾರಾಗಲ್ಲ."

ಅವರು ಬೀಜ ತೆಗೆದುಕೊಳ್ಳಲಿಲ್ಲ.

ಮಂಡಲೆಯ ದಾರಿಯುದ್ದಕ್ಕೂ ದೋ ಸಾನ್ ಯೀ ಫೋನನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ವ್ಯಾನು ಕೈತಪ್ಪಿದರೆ ಕಾರ್ಯದರ್ಶಿಯಾಗಿ ಉಳಿಯುವುದು ಸಾಧ್ಯವಿಲ್ಲ, ಉಳಿಯಲೂಬಾರದು. ಇದನ್ನು ಅವರು ಬಸ್ಸು ಹತ್ತುವ ಮೊದಲೇ ತೀರ್ಮಾನಿಸಿದ್ದರು. ಮಕ್ಕಳ ಸುಳ್ಳಿಗೆ ಬೆತ್ತ ಹಿಡಿದು ಬದುಕು ಸವೆಸಿದವರಿಗೆ ಈಗ ಉಳಿದಿದ್ದ ಪ್ರಶ್ನೆ ಒಂದೇ: ಕೌಂಟರಿನಲ್ಲಿ ಕೇಳಿದಾಗ ಏನೆಂದು ಹೇಳುವುದು? ನಿಜ ಹೇಳಬೇಕು ಎಂದುಕೊಂಡರು. ನಡುದಾರಿಯ ಮ್ಯಿಂಜಾನ್ ಊರು ದಾಟುವಾಗಲೂ ಹಾಗೆಯೇ ಎಂದುಕೊಂಡರು.

ಕಂಪನಿಯ ಕೌಂಟರಿನಲ್ಲಿ ಕೂತಿದ್ದವಳು ಮ ತೀರಿ ಎಂಬ ಹುಡುಗಿ. ಕೆನ್ನೆಗೆ ತೆಳ್ಳಗೆ ತನಖಾ ಮರದ ಗಂಧ ಹಚ್ಚಿಕೊಂಡು, ಕೊರಳಲ್ಲಿ ಹೆಸರಿನ ಚೀಟಿ ನೇತುಹಾಕಿಕೊಂಡಿದ್ದಳು. ದೋ ಸಾನ್ ಯೀಯವರಿಗಿಂತ ಮುಂದೆ ನಿಂತಿದ್ದವನು ದಪ್ಪನೆಯ ಬೆಲ್ಲದ ವ್ಯಾಪಾರಿ. ಅವನ ಫೋನನ್ನು ಅವಳು ಆಗಲೇ ಹಿಂದಕ್ಕೆ ತಳ್ಳಿದ್ದಳು.

"ಕೆಟ್ಟಿರೋದು ಚಾರ್ಜ್ ಹಾಕೋ ತೂತು, ತಂಗಿ! ರೂಟ್‌ಗೂ ಅದಕ್ಕೂ ಏನಮ್ಮಾ ಸಂಬಂಧ? ತಲೆ ಬೋಳಿಸ್ಕೊಂಡಿದ್ದಕ್ಕೆ ಕಾಲು ಉಳುಕುತ್ತಾ?"

"ನಂಗೂ ಗೊತ್ತು, ಅಣ್ಣ. ಸಂಬಂಧ ಇಲ್ಲ."

"ಮತ್ತೆ?"

"ಒಳಗೆ ಯಾರ್ ಯಾರು ಕೈ ಹಾಕಿದಾರೆ ಅಂತ ನಾವ್ ಹೇಗೆ ನಂಬೋದು ಅಂತಾರೆ ಮೇಲಿನವ್ರು. ಬೇರೆ ಕಂಪನಿಗಳಲ್ಲಿ, ಕೆಟ್ಟಿದ್ದು ಯಾಕೆ ಅಂತ ನೋಡಿ ತೀರ್ಮಾನ ಮಾಡ್ತಾರಂತೆ. ನಮ್ಮಲ್ಲಿ ಹಾಗಿಲ್ಲ. ಗುರುತು ಇದ್ರೆ ವಾರಂಟಿ ಇಲ್ಲ, ಇಲ್ಲ ಅಂದ್ರೆ ಇಲ್ಲ."

"ರೂಟ್ ತೆಗೆಸ್ಕೊಂಡೇ ಬಂದಿದೀನಲ್ಲ!"

"ರೂಟ್ ಹೋಗಿದೆ. ಗುರುತು ಹೋಗಿಲ್ಲ."

"ಕೊರ್ಸದೆ ಇದ್ರೆ ನಾನು ಓದೋದು ಹೇಗೆ? ನಿಮ್ ಕಂಪನಿಯವ್ರು ಬಂದು ಓದಿ ಹೇಳ್ತಾರಾ?"

ಮ ತೀರಿ ಮುಂದಿನವರನ್ನು ಕೈಸನ್ನೆಯಿಂದ ಕರೆದಳು. ವ್ಯಾಪಾರಿ ಬಾಗಿಲನ್ನು ಜೋರಾಗಿ ತಳ್ಳಿಕೊಂಡು ಹೋದ. ದೋ ಸಾನ್ ಯೀ ಟವೆಲು ಬಿಚ್ಚಿ ಫೋನನ್ನು ಮುಂದಿಟ್ಟರು.

"ರೂಟ್ ಕೊರ್ಸಿದೀರಾ, ಅಮ್ಮ?"

"ಇಲ್ಲ" ಎಂದರು ದೋ ಸಾನ್ ಯೀ.

ಮಾತು ಎಷ್ಟು ಸಲೀಸಾಗಿ ಹೊರಬಂದಿತೆಂದರೆ, ಬೇರೆ ಯಾರೋ ಹೇಳಿದರೇನೋ ಎಂದು ಅವರಿಗೆ ಹಿಂದಿರುಗಿ ನೋಡಬೇಕೆನಿಸಿತು. ಪ್ರತಿ ಹುಣ್ಣಿಮೆಗೂ ಭಿಕ್ಷುಗಳ ಮುಂದೆ ಕೂತು, ಸುಳ್ಳಾಡೆನು ಎಂದು ಕೈಮುಗಿದು ಹೇಳಿಕೊಂಡು ಬಂದ ಬಾಯಿ ಅದು. ಕಿವಿ ಬಿಸಿಯಾಯಿತು. ಆದರೂ ಮಾತು ತಿದ್ದಿಕೊಳ್ಳಲಿಲ್ಲ.

ಮ ತೀರಿ ಈ ಉತ್ತರವನ್ನು ದಿನಕ್ಕೆ ಎಷ್ಟು ಬಾರಿ ಕೇಳಿದ್ದಳೋ, ಮುಖದಲ್ಲಿ ಏನೂ ಬದಲಾಗಲಿಲ್ಲ. ಹಿಂಬದಿ ತಿರುಗಿಸಿ ಕೆತ್ತನೆ ಓದಿದಳು. "ದೋ ಚಿನ್ ಮ್ಯಾ ಅಂದ್ರೆ ನೀವಾ?"

"ಅಲ್ಲ. ದಾನಿ."

"ಫೋನ್ ಮೇಲೂ ಕೆತ್ತಿಸ್ತಾರಾ ನಿಮ್ಮೂರಲ್ಲಿ?" ಎಂದು ತುಟಿ ಒಳಗೆಳೆದುಕೊಂಡಳು. "ಪುಣ್ಯಕ್ಕೆ ಮುಚ್ಚಳದ ಮೇಲಷ್ಟೇ ಇದೆ. ಬಿಡಿ, ಕೆತ್ತಿಸ್ಬಾರ್ದು ಅಂತ ನಿಯಮದಲ್ಲಿ ಎಲ್ಲೂ ಬರೆದಿಲ್ಲ."

ಬೇರೊಂದು ಬ್ಯಾಟರಿ ಹಾಕಿ, ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದಳು. ಕಪ್ಪು ತೆರೆಯ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳು ಬಂದವು. ಅವಳು ಬಗ್ಗಿ ನೋಡಿದಳು. ಬೆರಳಿನಿಂದ ಒರೆಸಿ ಮತ್ತೆ ನೋಡಿದಳು. ದೋ ಸಾನ್ ಯೀ ಆಗಲೇ ಮನಸ್ಸಿನಲ್ಲಿ ರಾಜೀನಾಮೆಯ ಮಾತುಗಳನ್ನು ಜೋಡಿಸುತ್ತಿದ್ದರು.

"ಅಮ್ಮ, ನೀವು ಹೇಳಿದ್ದು ನಿಜ!"

"ಏನು?"

"ರೂಟ್ ಕೊರೆದೇ ಇಲ್ಲ. ಬೀಗ ಹಾಗೇ ಇದೆ." ಅವಳ ದನಿ ಮೊದಲ ಬಾರಿಗೆ ಹುಡುಗಿಯ ದನಿಯಾಯಿತು. "ಪಕೊಕ್ಕು ಕಡೆಯಿಂದ ಕೊರೆಯದೆ ಇರೋ ಫೋನ್ ಬಂದಿದ್ದನ್ನ ನಾನು ನೋಡೇ ಇಲ್ಲ. ನಿಮ್ಮೂರವ್ರು ಎಲ್ರೂ ಇಲ್ಲ ಅಂತಾರೆ, ಎಲ್ರದ್ದೂ ಕೊರೆದಿರುತ್ತೆ."

"ಆದ್ರೆ ಅಕ್ಷರ? ಬರ್ಮಿ ಅಕ್ಷರ ಬರ್ತಿತ್ತಲ್ಲ?"

"ಈ ಜಾತಿ ಫೋನಲ್ಲಿ ಅಕ್ಷರದ ಶೈಲಿ ಬದಲಾಯಿಸೋಕೆ ಅವ್ರೇ ಒಂದು ಬಾಗ್ಲು ಇಟ್ಟಿದಾರೆ, ನೋಡಿ. ಅಲ್ಲಿಂದ್ಲೇ ಹಾಕ್ಬಹುದು. ಬೀಗ ಮುಟ್ಟೋದೇ ಬೇಡ, ನೀವೂ ಹಾಕ್ಕೋಬಹುದು. ಯಾರು ಹಾಕ್ಕೊಟ್ಟಿದ್ದು?"

"ನಮ್ಮೂರಲ್ಲಿ ಒಬ್ಬನಿದಾನೆ" ಎಂದರು ದೋ ಸಾನ್ ಯೀ. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು.

ಚಾರ್ಜಿನ ಬಿಡಿಭಾಗ ಬದಲಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ವಾರಂಟಿಯಾದ್ದರಿಂದ ಒಂದು ಚಾತ್ ದುಡ್ಡು ಕೂಡ ಕೇಳಲಿಲ್ಲ. ಹೊರಗೆ ಬಂದ ದೋ ಸಾನ್ ಯೀ ಪಕ್ಕದ ಚಹಾದಂಗಡಿಯಲ್ಲಿ ಕೂತು ಹಾಲು ಹೆಚ್ಚು ಹಾಕಿಸಿದ ಚಹಾ ತರಿಸಿ, ಉದ್ದನೆಯ ಕರಿದ ಹಿಟ್ಟಿನ ಕೋಲನ್ನು ಅದರಲ್ಲಿ ಅದ್ದಿ ಪೂರ್ತಿ ತಿಂದರು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲವೆಂಬುದು ಆಗ ನೆನಪಾಗಿ ಇನ್ನೊಂದು ಕೋಲು ತರಿಸಿದರು. ಬಸ್ಸಿನಲ್ಲಿ ಅವರಿಗೆ ನಗು ಬಂತು. ಟಕ್ ಟಕ್ ಎಂಬ ಸದ್ದು ನೆನಪಾದಾಗಲೆಲ್ಲ ಮತ್ತೆ ಬಂತು. ಪಕ್ಕದಲ್ಲಿ ಕೂತಿದ್ದ ಸನ್ಯಾಸಿನಿ ಗುಲಾಬಿ ವಸ್ತ್ರ ಸರಿಪಡಿಸಿಕೊಂಡು ಸ್ವಲ್ಪ ದೂರ ಸರಿದಳು. ನಗುವಿನ ಹಿಂದೆಯೇ ಸಿಟ್ಟೂ ಬಂತು. ಮಾಡದ ಕೆಲಸಕ್ಕೆ ಹಣ ತೆಗೆದುಕೊಂಡವನಲ್ಲವೇ! ಸಿಟ್ಟಿನ ಹಿಂದೆ ಇನ್ನೊಂದು, ಅಷ್ಟು ಹಿತವಲ್ಲದ ಯೋಚನೆ ಬಂತು. ಅವನು ಸುಳ್ಳು ಹೇಳಿ ಬೀಗ ಉಳಿಸಿದ್ದ. ತಾವು ಸುಳ್ಳು ಹೇಳಲು ಹೋಗಿ ನಿಜ ಹೇಳಿದ್ದರು. ಭಿಕ್ಷುಗಳ ಮುಂದೆ ಇದನ್ನು ಯಾವ ಹೆಸರಿನಲ್ಲಿ ಒಪ್ಪಿಕೊಳ್ಳುವುದೆಂದು ಅವರಿಗೆ ತಿಳಿಯಲಿಲ್ಲ.

ಭಾನುವಾರ ದೋ ಚಿನ್ ಮ್ಯಾ ಬಂದರು. ಫೋನನ್ನು ಹಿಂದೆ ಮುಂದೆ ತಿರುಗಿಸಿದರು, ತಮ್ಮ ಹೆಸರನ್ನು ಟವೆಲಿನ ಅಂಚಿನಿಂದ ಉಜ್ಜಿದರು, ಚಾರ್ಜಿಗೆ ಹಾಕಿಸಿ ಹಸಿರು ದೀಪ ನೋಡಿದರು.

"ಯಾರ ಕೈಗೂ ಕೊಟ್ಟಿಲ್ಲ ತಾನೆ?"

"ಕೊಟ್ಟಿದ್ದೆ" ಎಂದರು ದೋ ಸಾನ್ ಯೀ. ಒಂದು ವಾರದಲ್ಲಿ ಎರಡನೆಯ ಸುಳ್ಳಿಗೆ ಅವರಲ್ಲಿ ಶಕ್ತಿ ಉಳಿದಿರಲಿಲ್ಲ. "ಸೋ ಪೈಂಗನ ಕೈಗೆ."

ದೋ ಚಿನ್ ಮ್ಯಾ ಹುಬ್ಬೇರಿಸಿದರು. "ಮತ್ತೆ ವಾರಂಟಿ?"

"ಅವನು ಏನೂ ಮಾಡಿಲ್ಲ. ಮಾಡಿದೆ ಅಂದ, ಅಷ್ಟೆ. ಕಂಪನಿಯವ್ರೇ ನೋಡಿ ಹೇಳಿದ್ರು, ಬಿಟ್ಟಿ ರಿಪೇರಿ ಮಾಡಿ ಕೊಟ್ರು."

ದೋ ಚಿನ್ ಮ್ಯಾ ಇಡೀ ಮೈ ಕುಲುಕುವಂತೆ ನಕ್ಕರು. "ಅವನ ಸೋಮಾರಿತನಕ್ಕೂ ಪುಣ್ಯ ಬರುತ್ತೆ ಬಿಡು. ವ್ಯಾನಿನ ಮೇಲೆ ನನ್ನ ಹೆಸ್ರು ದೊಡ್ಡದಾಗಿ ಬರೆಸ್ಬೇಕು. ಎರಡೂ ಕಡೆ."

ಮರುದಿನ ಬೆಳಿಗ್ಗೆ ದೋ ಸಾನ್ ಯೀ ಸೋ ಪೈಂಗನ ಅಂಗಡಿಗೆ ಹೋದರು. ಮನಸ್ಸು ಹಗುರವಾಗಿತ್ತು, ಆದ್ದರಿಂದ ಬೈಯಲು ಒಳ್ಳೆಯ ಸಮಯ.

"ರೂಟ್ ಕೊರೆದೆ ಅಂದ್ಯಲ್ಲೋ?"

"ಕೊರೆದಿದ್ದೆ, ಸಯಾಮ. ನೀವು ಬಸ್ ಹತ್ತಿದ ಮೇಲೆ ಇಲ್ಲಿಂದ್ಲೇ ಮುಚ್ಬಿಟ್ಟೆ. ಇಂಟರ್ನೆಟ್‌ನಲ್ಲಿ."

"ಫೋನ್ ಸತ್ತಿತ್ತು."

"ಹಾಗಾದ್ರೆ ಕೇಳಿ. ಹೆಣದ ಫೋನಲ್ವಾ, ಮನಸ್ಸು ಬರ್ಲಿಲ್ಲ. ಊರವ್ರದ್ದೆಲ್ಲ ಕೊರೀತೀನಿ, ಅದೊಂದನ್ನ ಬಿಟ್ಟೆ."

"ಊರವ್ರ ಫೋನುಗಳನ್ನೂ ಇವತ್ತೇ ತರಿಸಿ ನೋಡ್ಲಾ?"

ಅವನು ತಲೆ ಕೆರೆದುಕೊಂಡ. "ಸಯಾಮ, ನಂಗೆ ರೂಟ್ ಕೊರೆಯೋಕೆ ಬರಲ್ಲ. ಒಂದ್ಸಲ ಕೊರೆಯೋಕೆ ಹೋಗಿ ಹೆಂಡ್ತಿ ಫೋನ್ ಸತ್ತು ಇಟ್ಟಿಗೆ ಆಯ್ತು. ಬರೀ ಅಕ್ಷರ ಹಾಕ್ಕೊಡ್ತೀನಿ. ಅದು ಆಗದ ಜಾತಿ ಫೋನ್ ಬಂದ್ರೆ ರೂಟು ಗಟ್ಟಿಯಿದೆ, ಎದುರು ಓಣಿಗೆ ಹೋಗಿ ಅಂತೀನಿ. ಸುಮ್ನೆ ಕೂತಲ್ಲೇ ಅಕ್ಷರ ಹಾಕ್ಕೊಟ್ರೆ ಯಾರೂ ನಂಬಲ್ಲ, ಕೊರೆದಿಲ್ಲ ಅಂತ ಜಗಳಕ್ಕೆ ಬರ್ತಾರೆ."

ಮೂರರಲ್ಲಿ ಯಾವುದು ನಿಜವೆಂದು ಹೇಳುವುದು ಅವರಿಗೂ ಸಾಧ್ಯವಾಗಲಿಲ್ಲ. ಅವರು ಕೈ ಚಾಚಿ ನೀಲಿ ಪರದೆಯನ್ನು ಸರ್ರನೆ ಎಳೆದರು. ಹಿಂದೆ ಒಂದು ಸ್ಟೂಲು, ಚಹಾದ ಫ್ಲಾಸ್ಕು, ಸೂರ್ಯಕಾಂತಿ ಬೀಜದ ಡಬ್ಬಿ. ಅಕ್ಕಸಾಲಿಗರು ಹಿಡಿಯುವಂಥ ಪುಟ್ಟ ಸುತ್ತಿಗೆ, ತಟ್ಟಲು ಒಂದು ಮರದ ತುಂಡು. ಮೂಲೆಯ ಹಲಗೆಯ ಮೇಲೆ ತುಕ್ಕು ಹಿಡಿದ ಅಗಲವಾದ ಮುಲಾಮಿನ ಡಬ್ಬಿ. ಬೇರೇನೂ ಇರಲಿಲ್ಲ.

"ನಾಚಿಕೆ ಆಗಲ್ವೇನೋ?" ಎನ್ನುವಷ್ಟರಲ್ಲಿ ಅವರ ಕೈಯಲ್ಲಿದ್ದ ಫೋನು ರಿಂಗಾಯಿತು. ರಿಪೇರಿಯಾದ ಮೇಲೆ ಸಂಘಕ್ಕೆ ಬಂದ ಮೊದಲ ಕರೆ. ಹಳೆಯ ದೋಣಿಕಟ್ಟೆಯ ಯಜಮಾನ ಮಾತಾಡುತ್ತಿದ್ದ. ಮೇಲಿನ ಊರಿನಲ್ಲಿ ನಾಲ್ಕು ದಿನದ ಹಿಂದೆ ತೆಪ್ಪದಿಂದ ಬಿದ್ದ ಬಿದಿರು ವ್ಯಾಪಾರಿ ಇಲ್ಲಿ ಬಂದು ಸಿಕ್ಕಿಕೊಂಡಿದ್ದ. ಜೊಂಡಿನ ನಡುವೆ, ಮೊಣಕಾಲುದ್ದದ ನೀರಿನಲ್ಲಿ ಇದ್ದ. ಅವನ ಹೆಂಡತಿ ದಡದಲ್ಲಿ ಕೂತಿದ್ದಳು.

ದೋ ಸಾನ್ ಯೀ ಕೂಡಲೇ ವ್ಯಾನಿನ ಚಾಲಕ ಮೌಂಗ್ ಲತ್‌ಗೆ ಫೋನು ಮಾಡಿದರು. ಅವನು ದನಿ ತಗ್ಗಿಸಿದ. "ಸಯಾಮ, ಇವತ್ತು ಇರೋರು ಹೊಸಬ್ರು. ನೀರಿನ ಹೆಣ ನಾನೂ ಎತ್ತಿಲ್ಲ. ಹೇಗೆ ಹಿಡಿಯೋದು?" ಅವರಿಗೂ ತಿಳಿದಿರಲಿಲ್ಲ. ಗೊತ್ತಿದ್ದ ಇಬ್ಬರು ಹಿರಿಯರು ಒಬ್ಬರ ಹಿಂದೊಬ್ಬರಂತೆ ಕಳೆದ ವರ್ಷ ಇದೇ ವ್ಯಾನಿನಲ್ಲಿ ಹೋಗಿದ್ದರು.

"ನೀರಿಂದಾ?" ಎಂದ ಸೋ ಪೈಂಗ್. "ಎಷ್ಟು ದಿನ?"

"ನಾಲ್ಕು."

ಅವನು ಎದ್ದ. ಕೈಗಡಿಯಾರ ಬಿಚ್ಚಿದ, ಉಂಗುರ ತೆಗೆದ, ಎರಡನ್ನೂ ಬೀಜದ ಡಬ್ಬಿಯೊಳಗೆ ಹಾಕಿದ. ಲುಂಗಿಯನ್ನು ಕಾಲುಗಳ ನಡುವಿನಿಂದ ಎಳೆದು ಹಿಂದೆ ಸಿಕ್ಕಿಸಿಕೊಂಡ, ಹಲಗೆಯ ಮೇಲಿನ ಮುಲಾಮಿನ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿದ. "ಸ್ಟ್ರೆಚರ್ ನೀರಿಗೆ ಬೇಡ. ತೆಳ್ಳನೆ ಕಂಬಳಿ ಎರಡು ತರೋಕೆ ಹೇಳಿ" ಎಂದ. "ನಾನು ಬರೋವರ್ಗೂ ಯಾರೂ ಕೈ ಹಿಡಿದು ಎಳೀಬಾರ್ದು ಅನ್ನಿ. ಎಳೆದ್ರೆ ಕಿತ್ತು ಬರುತ್ತೆ, ಹೆಂಡ್ತಿ ನೋಡ್ತಿರ್ತಾಳೆ."

ದೋ ಸಾನ್ ಯೀ ಹ್ಞೂಂ ಎಂದರು. ನರ್ಗಿಸ್ ವರ್ಷ ಊರು ನಕ್ಕಿದ್ದ ಅವನ ಕತೆ ನೆನಪಾಯಿತು. ಮೌಂಗ್ ಲತ್‌ಗೆ ಮತ್ತೆ ಫೋನು ಮಾಡಿ ಅವನು ಹೇಳಿದ್ದನ್ನು ಹೇಳಿದಂತೆಯೇ ಹೇಳಿದರು.

ದೋಣಿಕಟ್ಟೆಯಲ್ಲಿ ಹೊಸ ಹುಡುಗರು ಮುಖ ಬಾಡಿಸಿಕೊಂಡು ನಿಂತಿದ್ದರು. ಸೋ ಪೈಂಗನನ್ನು ಕಂಡು ಮೌಂಗ್ ಲತ್ ಧೈರ್ಯಕ್ಕಾಗಿ ಹಲ್ಲು ಕಿರಿದ. "ಏನಣ್ಣಾ, ಇದನ್ನೂ ಸಿಂಗಪುರದಲ್ಲೇ ಕಲ್ತಿದ್ದಾ?"

ಸೋ ಪೈಂಗ್ ಹುಡುಗರನ್ನು ನದಿಗೆ ಬೆನ್ನು ಮಾಡಿ ಸಾಲಾಗಿ ನಿಲ್ಲಿಸಿದ. ಸೊಂಟದಿಂದ ಆ ತುಕ್ಕು ಹಿಡಿದ ಡಬ್ಬಿ ತೆಗೆದು, ವಾಸನೆ ತಾಗದಂತೆ ಮುಲಾಮನ್ನು ಒಬ್ಬೊಬ್ಬರ ಮೂಗಿನ ಕೆಳಗೂ ಹೆಬ್ಬೆರಳಿನಿಂದ ದಪ್ಪಗೆ ಹಚ್ಚಿದ. ಮೌಂಗ್ ಲತ್‌ಗೂ ಹಚ್ಚಿದ. ಆಮೇಲೆ ದಡದಲ್ಲಿ ಕೂತಿದ್ದ ಹೆಂಗಸಿನ ಕಣ್ಣಿಗೆ ಅಡ್ಡವಾಗುವಂತೆ ಒಂದು ಕಂಬಳಿಯನ್ನು ಎತ್ತಿ ಹಿಡಿಯಿರಿ ಎಂದು ಇಬ್ಬರಿಗೆ ಹೇಳಿ, ಇನ್ನೊಂದನ್ನು ಭುಜದ ಮೇಲೆ ಹಾಕಿಕೊಂಡು ತಾನು ಮೊದಲು ನೀರಿಗಿಳಿದ.